ಟ್ಯೂಬಿಂಗೆನ್ ಪ್ರವಾಸ: ಮನೆ ಬಾಡಿಗೆಯನ್ನು ನೇರ ಅಕೌಂಟಿಗೆ ಹಾಕುವ ಮುಂಚೆ ಇದನ್ನು ಓದಿ

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ರಜೆಗೆ ನಾಲ್ಕು ದಿನದ ಬಾಡಿಗೆ ಮನೆ ಹುಡುಕುತ್ತೀರಿ. ಮನೆ ಮಾಲೀಕರು "ಬುಕಿಂಗ್ ಸೈಟ್ ಬಿಟ್ಟು ವಾಟ್ಸಾಪ್‌ಗೆ ಬನ್ನಿ, ದುಡ್ಡು ನೇರ ಅಕೌಂಟಿಗೆ ಹಾಕಿ, ಕಡಿಮೆ ಮಾಡಿ ಕೊಡ್ತೀನಿ" ಅನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲಿಸಿ. ನಾವು ನಿಲ್ಲಿಸಲಿಲ್ಲ. 540 ಯೂರೋ ಹೋಯಿತು. ಅದಕ್ಕಿಂತ ಜಾಸ್ತಿ ನೋವಾದದ್ದು, ಎಪ್ಪತ್ತು ದಾಟಿದ ಅಪ್ಪ ಅವ್ವ ಗೊತ್ತಿಲ್ಲದ ಊರಿನ ಬೀದಿಯಲ್ಲಿ ಸೂಟ್‌ಕೇಸ್ ಹಿಡಿದು ನಿಲ್ಲಬೇಕಾಯಿತಲ್ಲ, ಅದು.

ನಾವಿರುವುದು ಹ್ಯಾಂಬರ್ಗ್‌ನಲ್ಲಿ. 2025ರ ಬೇಸಿಗೆಯಲ್ಲಿ ಅಪ್ಪ ಅವ್ವ ಧಾರವಾಡದಿಂದ ಬಂದಿದ್ದರು. ಏನು ನೋಡಬೇಕು ಅಂತ ಕೇಳಿದರೆ ಅವ್ವ ಒಂದೇ ಊರಿನ ಹೆಸರು ಹೇಳಿದರು. ಟ್ಯೂಬಿಂಗೆನ್. ಅವರು ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದ ಅಕ್ಕೋರು. ಕಿಟೆಲ್ ಸಾಹೇಬರ ನಿಘಂಟು ನಮ್ಮ ಮನೆಯ ಕಪಾಟಿನಲ್ಲಿ ಯಾವತ್ತೂ ಇತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು, ಸುಮಾರು 70,000 ಶಬ್ದ. ಆ ಕೆಲಸಕ್ಕೆ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಟ್ಯೂಬಿಂಗೆನ್ ವಿಶ್ವವಿದ್ಯಾಲಯ. 1903ರಲ್ಲಿ ಅವರು ತೀರಿಕೊಂಡದ್ದೂ ಅದೇ ಊರಲ್ಲಿ. 'ಮಂಗಳೂರ ಸಮಾಚಾರ' ಶುರು ಮಾಡಿದ ಮೊಗ್ಲಿಂಗ್ ದೇವಶಾಸ್ತ್ರ ಓದಿದ್ದು ಕೂಡ ಅಲ್ಲಿಯೇ. ಕನ್ನಡದವರಿಗೆ ಜರ್ಮನಿಯಲ್ಲಿ ಇಷ್ಟು ಹತ್ತಿರದ ಊರು ಇನ್ನೊಂದಿಲ್ಲ ಅಂತ ನನಗೂ ಅನಿಸುತ್ತದೆ.

ಗುರುವಾರ ಹೋಗಿ ಭಾನುವಾರ ವಾಪಸ್ ಬರುವುದು ಅಂತ ಆಯಿತು. ಜೂನ್ 19. ಇಲ್ಲೇ ನಮ್ಮ ಮೊದಲ ತಪ್ಪು. ಅವತ್ತು ಫ್ರೋನ್‌ಲೈಖ್ನಾಮ್, ಕ್ಯಾಥೊಲಿಕ್ ಕ್ರೈಸ್ತರ ಹಬ್ಬ. ಹ್ಯಾಂಬರ್ಗ್‌ನಲ್ಲಿ ಅದಕ್ಕೆ ರಜೆಯಿಲ್ಲ, ಹಾಗಾಗಿ ನಮ್ಮ ಕ್ಯಾಲೆಂಡರ್‌ನಲ್ಲಿ ಅದು ಕಾಣಲೇ ಇಲ್ಲ. ಟ್ಯೂಬಿಂಗೆನ್ ಇರುವ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ಪೂರ್ತಿ ರಜೆ. ಜರ್ಮನಿಯಲ್ಲಿ ರಜೆಗಳು ರಾಜ್ಯಕ್ಕೊಂದು ಥರ. ಹೊರಡುವ ಮುಂಚೆ ನೀವಿರುವ ರಾಜ್ಯದ್ದಲ್ಲ, ಹೋಗುವ ರಾಜ್ಯದ ರಜೆ ನೋಡಿಕೊಳ್ಳಿ. ಅದರ ಮೇಲೆ ಟ್ಯೂಬಿಂಗೆನ್‌ನಲ್ಲಿ ಅದೇ ದಿನ ನೆಕ್ಕರ್ ನದಿಯಲ್ಲಿ ವಿದ್ಯಾರ್ಥಿಗಳ ದೋಣಿ ಸ್ಪರ್ಧೆ. ಉದ್ದ ಕೋಲು ಊರಿ ನಡೆಸುವ ದೋಣಿಗಳು. ಸೋತ ತಂಡ ಮೀನೆಣ್ಣೆ ಕುಡಿಯಬೇಕು. ನೋಡಲು ಸಾವಿರಾರು ಜನ ಸೇರುತ್ತಾರೆ. ಊರಿನ ಹೋಟೆಲ್‌ಗಳೆಲ್ಲ ಮುಂಚೆಯೇ ತುಂಬಿರುತ್ತವೆ.

ಇದೊಂದೂ ಗೊತ್ತಿಲ್ಲದೆ ಜೂನ್ ಮೊದಲ ವಾರದಲ್ಲಿ ರೂಮು ಹುಡುಕಿದೆವು. ಎಲ್ಲ ಕಡೆ ಇಲ್ಲ, ಇಲ್ಲ. ಆಗ ಒಂದು ಬುಕಿಂಗ್ ಸೈಟಿನಲ್ಲಿ ಹಳೇ ಊರಿನ ಮಧ್ಯದಲ್ಲೇ ಎರಡು ಬೆಡ್‌ರೂಮಿನ ಮನೆ ಕಾಣಿಸಿತು. ನಮಗೆ ಅನುಮಾನ ಬರಬೇಕಿದ್ದದ್ದು ಆಗಲೇ. ಊರೆಲ್ಲ ತುಂಬಿರುವಾಗ ಅಷ್ಟು ಒಳ್ಳೆಯ ಮನೆ ಮಾತ್ರ ಹೇಗೆ ಖಾಲಿ ಉಳಿಯುತ್ತದೆ, ಅಲ್ವಾ? ನಾವು ಅದನ್ನು ಅದೃಷ್ಟ ಅಂದುಕೊಂಡೆವು.

ಸೈಟಿನೊಳಗೇ ಮೆಸೇಜ್ ಮಾಡಿದೆವು. ಹತ್ತೇ ನಿಮಿಷದಲ್ಲಿ ಉತ್ತರ ಬಂತು. ತುಂಬ ಮರ್ಯಾದೆಯ ಜರ್ಮನ್. ಸೈಟಿನವರು ಕಮಿಷನ್ ಜಾಸ್ತಿ ತಗೊಳ್ತಾರೆ, ನೇರವಾಗಿ ಕೊಟ್ಟರೆ ಮೂರು ರಾತ್ರಿಗೆ 540 ಯೂರೋ ಸಾಕು ಅಂತ. ವಯಸ್ಸಾದ ಅಪ್ಪ ಅಮ್ಮ ಬರ್ತಿದ್ದಾರೆ ಅಂದಿದ್ದಕ್ಕೆ, "ಚಿಂತೆ ಬೇಡ, ಮನೆ ನೆಲಮಹಡಿಯಲ್ಲೇ ಇದೆ" ಅಂದರು. ಪಾಸ್‌ಪೋರ್ಟ್ ಫೋಟೋ ಕಳಿಸಿದರು. ಬಾಡಿಗೆ ಕರಾರು ಕಳಿಸಿದರು. ಆ ಪಾಸ್‌ಪೋರ್ಟ್ ಕೂಡ ನಮ್ಮಂತೆ ಮೋಸ ಹೋದ ಇನ್ನೊಬ್ಬರದ್ದೇ ಇರಬೇಕು. ಯಾಕೆಂದರೆ ನಮ್ಮದನ್ನೂ ಕೇಳಿದ್ದರು. ನನ್ನ ಹೆಂಡತಿ ಕೊಡುವುದು ಬೇಡ ಅಂದಳು, ಅದೊಂದು ಒಳ್ಳೆಯದಾಯಿತು. ದಯವಿಟ್ಟು ಯಾರಿಗೂ ಪಾಸ್‌ಪೋರ್ಟ್ ಫೋಟೋ ಕಳಿಸಬೇಡಿ.

ಗುರುವಾರ ಸಂಜೆ ಐದಕ್ಕೆ ಟ್ಯೂಬಿಂಗೆನ್‌ನಲ್ಲಿ ಇಳಿದೆವು. ಬೀಗದ ಕೈ ಇಟ್ಟಿರುವ ಪೆಟ್ಟಿಗೆಯ ಕೋಡ್ ನಂಬರ್ ಮಧ್ಯಾಹ್ನವೇ ಬರಬೇಕಿತ್ತು, ಬಂದಿರಲಿಲ್ಲ. ಫೋನ್ ಸ್ವಿಚ್ ಆಫ್. ಹಳೇ ಊರಿನ ಬೀದಿಗಳಿಗೆ ಪೂರ್ತಿ ಕಲ್ಲು ಹಾಸಿದೆ, ಏರು ಬೇರೆ. ಸೂಟ್‌ಕೇಸಿನ ಚಕ್ರ ಉರುಳುವುದೇ ಇಲ್ಲ. ಅಪ್ಪ ಮೂರು ಸಲ ನಿಂತು ಉಸಿರು ತಗೊಂಡರು. ವಿಳಾಸದ ಮನೆ ನಿಜವಾಗಿಯೂ ಇತ್ತು. ಬೆಲ್ ಒತ್ತಿದಾಗ ವಯಸ್ಸಾದ ಹೆಂಗಸು ಬಾಗಿಲು ತೆರೆದರು. ನಮ್ಮ ಸಾಮಾನು ನೋಡಿದ ಕೂಡಲೇ ಅವರಿಗೆ ಅರ್ಥವಾಯಿತು. "ಅಯ್ಯೋ, ಮತ್ತೆ ಬಂದ್ರಾ" ಅನ್ನುವ ಹಾಗೆ ತಲೆ ಅಲ್ಲಾಡಿಸಿದರು. ಆ ತಿಂಗಳಲ್ಲಿ ನಾವು ಮೂರನೆಯವರಂತೆ. ಅವರು ಮನೆ ಬಾಡಿಗೆಗೆ ಕೊಟ್ಟವರೇ ಅಲ್ಲ. ನಮ್ಮನ್ನು ಒಳಗೆ ಕರೆದು ಕೂರಿಸಿ ನೀರು ಕೊಟ್ಟರು. ಅವರ ಉಪಕಾರ ಮರೆಯಲಾರೆ.

ಒಂದೂವರೆ ಗಂಟೆ ಹೋಟೆಲ್‌ಗಳಿಗೆ ಫೋನ್ ಮಾಡಿದೆ. ಎಲ್ಲೂ ಜಾಗವಿಲ್ಲ. ಹಬ್ಬದ ರಜೆ, ಸೂಪರ್‌ಮಾರ್ಕೆಟ್ ಮುಚ್ಚಿತ್ತು. ಅಪ್ಪನಿಗೆ ಶುಗರ್, ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಕೊನೆಗೆ ಒಂದು ಡೋನರ್ (ಟರ್ಕಿ ಕಬಾಬ್) ಅಂಗಡಿಯಲ್ಲಿ ಫಲಾಫಲ್ ಸಿಕ್ಕಿತು. ಬೀದಿ ತುಂಬ ಹುಡುಗರ ಗಲಾಟೆ, ಹಾಡು. ಅವ್ವ ಸೂಟ್‌ಕೇಸ್ ಮೇಲೆ ಕೂತು, "ನೀ ಯಾಕ ಅಷ್ಟ ಮನಸ್ಸಿಗೆ ಹಚ್ಕೊಂಡಿ? ಎಲ್ಲೆರೆ ಒಂದ ಕಡೆ ಮಲಗಿದ್ರಾತು" ಅಂದರು. ನನಗೆ ಗಂಟಲು ಕಟ್ಟಿತು.

ರಾತ್ರಿ ಪಕ್ಕದ ರಾಯ್ಟ್‌ಲಿಂಗೆನ್‌ನಲ್ಲಿ ಎರಡು ರೂಮು ಸಿಕ್ಕವು. ರೈಲಿನಲ್ಲಿ ಕಾಲು ಗಂಟೆಯೂ ಇಲ್ಲ. ಇದನ್ನು ನೆನಪಿಡಿ: ಟ್ಯೂಬಿಂಗೆನ್ ತುಂಬಿದ್ದರೆ ರಾಯ್ಟ್‌ಲಿಂಗೆನ್ ನೋಡಿ. ಮಾರನೇ ದಿನ ಅಲ್ಲಿಂದಲೇ ಬಂದು ಅವ್ವನಿಗೆ ಊರು ತೋರಿಸಿದೆವು. ನೆಕ್ಕರ್ ಸೇತುವೆ, ಮಾರ್ಕೆಟ್ ಚೌಕ, ಕವಿ ಹ್ಯೋಲ್ಡರ್ಲಿನ್ 36 ವರ್ಷ ಇದ್ದ ಹಳದಿ ಗೋಪುರ. ಚೆಂದದ ಊರು. ಮೋಸ ಆಯಿತು ಅಂತ ಊರನ್ನು ಬಯ್ಯುವುದಿಲ್ಲ.

ಶುಕ್ರವಾರ ಬ್ಯಾಂಕಿಗೆ ಫೋನ್ ಮಾಡಿದೆ. ಇಲ್ಲಿ ತುಂಬ ಜನಕ್ಕೆ ಗೊತ್ತಿಲ್ಲದ ವಿಷಯವೊಂದಿದೆ. ಅಂಗಡಿಯವರೋ ಫೋನ್ ಕಂಪನಿಯವರೋ ನಮ್ಮ ಅಕೌಂಟಿನಿಂದ ತಾವೇ ಎಳೆದುಕೊಂಡ ದುಡ್ಡನ್ನು, ಅಂದರೆ ಲಾಸ್ಟ್‌ಶ್ರಿಫ್ಟ್ ಆಗಿದ್ದರೆ, 8 ವಾರದೊಳಗೆ ಕಾರಣ ಹೇಳದೆಯೂ ವಾಪಸ್ ಪಡೆಯಬಹುದು. ನಾವೇ ಕಳಿಸಿದ್ದರೆ, ಅಂದರೆ ಊಬರ್‌ವೈಸುಂಗ್ ಆಗಿದ್ದರೆ, ಆ ಹಕ್ಕಿಲ್ಲ. ಆ ಕಡೆಯ ಬ್ಯಾಂಕಿಗೆ ಬರೆದು ಕೇಳಬಹುದು, ಅಷ್ಟೇ. ನಾವು ಕಳಿಸಿ ಹನ್ನೊಂದು ದಿನವಾಗಿತ್ತು, ಅಕೌಂಟ್ ಖಾಲಿಯಾಗಿತ್ತು. ಅದರ ಐಬಾನ್, ಅಂದರೆ ಇಲ್ಲಿನ ಬ್ಯಾಂಕ್ ಅಕೌಂಟ್ ನಂಬರ್, ಜರ್ಮನಿಯ ಡಿಇ ಬದಲು ಎಲ್‌ಟಿ ಅಂತ ಶುರುವಾಗುತ್ತಿತ್ತು, ಲಿಥುವೇನಿಯಾದ್ದು. ಬೇರೆ ದೇಶದ ನಂಬರ್ ಅಂದ ಮಾತ್ರಕ್ಕೆ ಮೋಸ ಅಲ್ಲ, ಕೆಲವು ಆನ್‌ಲೈನ್ ಬ್ಯಾಂಕುಗಳು ಹಾಗೇ ಕೊಡುತ್ತವೆ. ಆದರೆ ಟ್ಯೂಬಿಂಗೆನ್‌ನಲ್ಲೇ ಹುಟ್ಟಿ ಬೆಳೆದೆ ಅನ್ನುವವರ ಅಕೌಂಟ್ ಅಲ್ಲಿ ಯಾಕಿದೆ ಅಂತ ಕೇಳಬಹುದಿತ್ತು.

ಈಗ ಒಂದು ಅನುಕೂಲವಾಗಿದೆ. 2025ರ ಅಕ್ಟೋಬರ್‌ನಿಂದ ಯೂರೋ ದೇಶಗಳ ಬ್ಯಾಂಕುಗಳು ನೀವು ಬರೆದ ಹೆಸರೂ ಐಬಾನ್ ಇರುವವರ ಹೆಸರೂ ಒಂದೇನಾ ಅಂತ ನೋಡಿ, ದುಡ್ಡು ಹೋಗುವ ಮುಂಚೆಯೇ ಹೇಳುತ್ತವೆ. ಹೆಸರು ಹೊಂದುತ್ತಿಲ್ಲ ಅಂತ ಬಂದರೆ ಅವಸರದಲ್ಲಿ ಸುಮ್ನೆ ಓಕೆ ಒತ್ತಬೇಡಿ. ಒತ್ತಿದ ಮೇಲೆ ಜವಾಬ್ದಾರಿ ನಿಮ್ಮದೇ.

ಪೊಲೀಸ್ ದೂರನ್ನು ಆನ್‌ಲೈನಿನಲ್ಲೇ ಕೊಟ್ಟೆ. ಕೇಸ್ ನಂಬರ್ ಬಂತು. ಎರಡು ತಿಂಗಳಾದ ಮೇಲೆ ಸರ್ಕಾರಿ ವಕೀಲರ ಕಚೇರಿಯಿಂದ ಪತ್ರ ಬಂತು: ಆರೋಪಿ ಸಿಕ್ಕಿಲ್ಲ, ತನಿಖೆ ನಿಲ್ಲಿಸಿದ್ದೇವೆ ಅಂತ. ಆದರೂ ದೂರು ಕೊಡಿ. ಬುಕಿಂಗ್ ಸೈಟಿನವರು ನಾವು ಅವರ ಮೂಲಕ ದುಡ್ಡು ಕಟ್ಟಿಲ್ಲ ಅಂತ ಕೈ ತೊಳೆದುಕೊಂಡರು. ಅವರ ಲೆಕ್ಕದಲ್ಲಿ ಅದು ಸರಿಯೇ. ಸೈಟಿನೊಳಗೇ ಕಾರ್ಡಿನಲ್ಲಿ ಕಟ್ಟಿದ್ದರೆ ಕೇಳಲು ಒಂದು ಬಾಗಿಲಾದರೂ ಇರುತ್ತಿತ್ತು.

ಇಂಥ ಚಿಕ್ಕ ಊರುಗಳಲ್ಲಿ ಸುಲಭದ ದಾರಿಯೊಂದಿದೆ, ನಾವು ಬಳಸಲಿಲ್ಲ. ಊರಿನ ಪ್ರವಾಸಿ ಮಾಹಿತಿ ಕೇಂದ್ರಕ್ಕೆ ಒಂದು ಫೋನ್ ಮಾಡುವುದು. ಟ್ಯೂಬಿಂಗೆನ್‌ನಲ್ಲಿ ಅದು ನೆಕ್ಕರ್ ಸೇತುವೆಯ ಪಕ್ಕದಲ್ಲೇ ಇದೆ. ಅಲ್ಲಿ ಬಾಡಿಗೆ ಮನೆಗಳ ಬಗ್ಗೆ ಕೇಳಬಹುದು, ಇಂಗ್ಲಿಷಿನಲ್ಲೇ ಮಾತಾಡಬಹುದು.

ಇನ್ನು ಫೋಟೋಗಳನ್ನು ದೊಡ್ಡದು ಮಾಡಿ ನೋಡಿ. ವಾಪಸ್ ಬರುವಾಗ ರೈಲಿನಲ್ಲಿ ಅಪ್ಪ ನನ್ನ ಫೋನ್ ಇಸಿದುಕೊಂಡು ಆ ಮನೆಯ ಫೋಟೋ ನೋಡುತ್ತಾ ಕೂತಿದ್ದರು. ಅವರು ಕರೆಂಟು ಇಲಾಖೆಯಲ್ಲಿ ಕೆಲಸ ಮಾಡಿದವರು. "ತಮ್ಮಾ, ಇಲ್ನೋಡು" ಅಂದರು. ಮಂಚದ ಪಕ್ಕದ ಗೋಡೆಯಲ್ಲಿ ಚೌಕದ ಪ್ಲಗ್ ಪಾಯಿಂಟ್, ಮೂರು ತೂತು, ಪಕ್ಕದಲ್ಲಿ ಸ್ವಿಚ್ಚು. ಅದು ಇಂಗ್ಲೆಂಡಿನದ್ದು. ಜರ್ಮನಿಯಲ್ಲಿ ದುಂಡನೆಯ ಗುಳಿ, ಎರಡೇ ತೂತು. ಆ ಮನೆ ಈ ದೇಶದ್ದೇ ಆಗಿರಲಿಲ್ಲ.

ಕಳೆದ ವಾರ ಆ ಫೋಟೋವನ್ನು ಗೂಗಲ್‌ಗೆ ಹಾಕಿ ಹುಡುಕಿದೆ. ಅದೇ ಮಂಚ, ಅದೇ ಪ್ಲಗ್ ಪಾಯಿಂಟ್ ಇನ್ನೊಂದು ಸೈಟಿನಲ್ಲಿ ಸಿಕ್ಕಿತು. ಈ ಸಲ ಊರು ಬಾಂಬೆರ್ಗ್ ಅಂತ ಬರೆದಿದೆ. ಆ ಸೈಟಿನವರಿಗೆ ತಿಳಿಸಿದ್ದೇನೆ. ಇದನ್ನು ಬರೆಯುವ ಹೊತ್ತಿಗೆ ಇನ್ನೂ ತೆಗೆದಿಲ್ಲ.