ಆಸ್ಪತ್ರೆಯ ಬಯೋಮೆಡಿಕಲ್ ಇಂಟರ್ನ್‌ಶಿಪ್: ನಾಲ್ಕು ವಾರದಲ್ಲಿ ಕೈಗೆ ಸಿಗುವುದೇನು?

ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಯೊಂದು ಬಯೋಮೆಡಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನಾಲ್ಕು ವಾರದ ತರಬೇತಿ ಕೊಡುತ್ತದೆ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಇಂಥ ತರಬೇತಿಗಳೆಲ್ಲ ಹೆಚ್ಚುಕಡಿಮೆ ಇದೇ ಅಚ್ಚಿನವು. ಕರಪತ್ರದಲ್ಲಿ ಎದ್ದು ಕಾಣುವುದು ಎಂಆರ್‌ಐ, ಹೃದಯದ ರಕ್ತನಾಳ ಪರೀಕ್ಷಿಸುವ ಕ್ಯಾಥ್‌ಲ್ಯಾಬ್, ಆಪರೇಷನ್ ಥಿಯೇಟರ್ (ಓಟಿ). ಆದರೆ ಕೊಟ್ಟ ಹಣ ವಸೂಲಾಗುವುದು ವರ್ಕ್‌ಶಾಪಿನ ಮೇಜಿನ ಮೇಲೆ, ಅದೂ ಸಿರಿಂಜಿನ ಔಷಧಿಯನ್ನು ನಿಗದಿತ ವೇಗದಲ್ಲಿ ರೋಗಿಗೆ ತಳ್ಳುವ ಸಿರಿಂಜ್ ಪಂಪ್ ಎದುರಿಗೆ.

ಐಸಿಯುನಿಂದ ಪಿಎಂಗೆ (ಪ್ರಿವೆಂಟಿವ್ ಮೇಂಟೆನೆನ್ಸ್, ಅಂದರೆ ಕೆಡುವ ಮೊದಲೇ ಮಾಡುವ ನಿಯಮಿತ ತಪಾಸಣೆ) ಬಂದ ಪಂಪನ್ನು ಮೊದಲು ಒರೆಸಿ ಸೋಂಕು ತೆಗೆಯಬೇಕು. ಸಿರಿಂಜಿನ ಒತ್ತುಗೋಲನ್ನು (ಪ್ಲಂಜರ್) ಹಿಡಿಯುವ ಕ್ಲ್ಯಾಂಪಿನಲ್ಲಿ ಡೆಕ್ಸ್‌ಟ್ರೋಸ್ ಒಣಗಿ ಅಂಟಿಕೊಂಡಿದೆಯೇ ಎಂದು ನೋಡಬೇಕು. ಬಳಿಕ 50 ಮಿ.ಲೀ. ಸಿರಿಂಜಿಗೆ ನೀರು ತುಂಬಿ, ಗಾಳಿ ಹೊರದಬ್ಬಿ, ಗಂಟೆಗೆ 10 ಮಿ.ಲೀ. ವೇಗಕ್ಕೆ ಇಡುತ್ತಾರೆ. ತಕ್ಕಡಿಯ ಮೇಲೆ ಬೀಕರ್. ಟ್ಯೂಬಿನ ತುದಿ ಅದರ ನೀರಿನೊಳಗೆ ಮುಳುಗಿರಬೇಕು, ತಳಕ್ಕೆ ಮುಟ್ಟಬಾರದು. ತುದಿ ಮೇಲೆಯೇ ಉಳಿದರೆ ಹನಿ ಬಿದ್ದಾಗಲೆಲ್ಲ ತೂಕ ಜಿಗಿಯುತ್ತದೆ. ಶುರುವಿನ ಕೆಲವು ನಿಮಿಷ ಪ್ಲಂಜರಿನ ಸಡಿಲ ತುಂಬುವುದರಲ್ಲೇ ಹೋಗುವುದರಿಂದ, ಹರಿವು ಒಂದೇ ಹದಕ್ಕೆ ಬಂದ ಮೇಲೆ ತಕ್ಕಡಿಯನ್ನು ಸೊನ್ನೆ ಮಾಡಬೇಕು. ಅಲ್ಲಿಂದ 30 ನಿಮಿಷಕ್ಕೆ 5 ಗ್ರಾಂ. ಕೈಪಿಡಿ ±3% ಎಂದಿದ್ದರೆ 4.85ರಿಂದ 5.15ರೊಳಗೆ ಬರಬೇಕು.

ಬರದಿದ್ದರೆ ಕೂಡಲೇ ಮೋಟರನ್ನು ದೂರುವುದು ಹೊಸಬರ ಚಾಳಿ. ಮೊದಲು ಮೆನುವಿನಲ್ಲಿ ಯಾವ ಕಂಪನಿಯ ಸಿರಿಂಜ್ ಆರಿಸಲಾಗಿದೆ ನೋಡಿ. ಎಲ್ಲ 50 ಮಿ.ಲೀ. ಸಿರಿಂಜುಗಳ ಒಳವ್ಯಾಸ ಒಂದೇ ಅಲ್ಲ; ಪಂಪ್ ಅಳೆಯುವುದು ಪ್ಲಂಜರ್ ಚಲಿಸಿದ ದೂರವನ್ನು, ಔಷಧಿಯನ್ನಲ್ಲ. ಬ್ರ್ಯಾಂಡ್ ತಪ್ಪಾದರೆ ಪರದೆ 10 ತೋರಿಸುತ್ತಲೇ ಇರುತ್ತದೆ, ರೋಗಿಗೆ ಹೋಗುವುದು ಬೇರೆಯೇ. ಆಕ್ಲೂಷನ್ (ಟ್ಯೂಬ್ ಅಡಚಣೆ) ಪರೀಕ್ಷೆಯನ್ನೂ ಇಲ್ಲಿ ಚೆನ್ನಾಗಿ ಮಾಡಿಸುತ್ತಾರೆ. ಟ್ಯೂಬಿಗೆ ಕ್ಲಿಪ್ ಹಾಕಿ ಮುಚ್ಚಿ, ಅಲಾರಂ ಬರುವವರೆಗಿನ ಸಮಯ ಬರೆದುಕೊಳ್ಳಬೇಕು. ಗಂಟೆಗೆ 1 ಮಿ.ಲೀ.ನಲ್ಲಿ ಒತ್ತಡ ಏರುವುದೇ ನಿಧಾನ, ಅಲಾರಂ ಬಹಳ ತಡ. ಅಲಾರಂ ಬಂದಿತೆಂದು ಕ್ಲಿಪ್ಪನ್ನು ಹಾಗೆಯೇ ಬಿಚ್ಚಿದರೆ ಒಳಗೆ ಕಟ್ಟಿಕೊಂಡ ಒತ್ತಡ ಒಂದೇ ಸಲಕ್ಕೆ ನುಗ್ಗುತ್ತದೆ. ಸಿರಿಂಜಿನಲ್ಲಿ ರಕ್ತದೊತ್ತಡ ಏರಿಸುವ ನಾರ್‌ಅಡ್ರಿನಲಿನ್ ಇದ್ದರೆ ಬಿಪಿ ಎಲ್ಲಿಗೆ ಏರಬಹುದೆಂದು ಊಹಿಸಿ.

ಎಲೆಕ್ಟ್ರಿಕಲ್ ಸೇಫ್ಟಿಯ ಪಾಠವೂ ಗಟ್ಟಿಯಾಗಿದೆ. ವೈದ್ಯಕೀಯ ಉಪಕರಣಗಳ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 62353 ಪ್ರಕಾರ ಕ್ಲಾಸ್ 1 (ಅರ್ಥ್ ತಂತಿಯ ರಕ್ಷಣೆ ಇರುವ) ಉಪಕರಣದ ಅರ್ಥ್ ರೋಧ, ಪವರ್ ಕಾರ್ಡ್ ಸೇರಿ, 0.3 ಓಮ್ ಮೀರಬಾರದು. ಡೈರೆಕ್ಟ್ ಎಂಬ ಅಳತೆಯ ವಿಧಾನದಲ್ಲಿ ಉಪಕರಣದ ಲೀಕೇಜ್ (ಸೋರುವ ವಿದ್ಯುತ್) 500 ಮೈಕ್ರೋಆಂಪ್, ಹೃದಯಕ್ಕೇ ತಾಗಬಹುದಾದ ಸಿಎಫ್ ಭಾಗದ್ದು 50 ಮೈಕ್ರೋಆಂಪ್ ದಾಟಬಾರದು. ಅರ್ಥ್ ರೋಧದ ರೀಡಿಂಗ್ ವಿಪರೀತ ಬಂದರೆ ಪ್ರೋಬ್ ಬಣ್ಣ ಬಳಿದ ಜಾಗಕ್ಕೆ ತಾಗಿದೆಯೇ ನೋಡಿ. ಲೀಕೇಜ್ ಅನುಮಾನ ಬರುವಷ್ಟು ಕಡಿಮೆಯಾದರೆ ನೆಟ್‌ವರ್ಕ್ ಕೇಬಲ್ ಇನ್ನೂ ಸಿಕ್ಕಿಸಿರಬಹುದು, ಅರ್ಥ್‌ಗೆ ಅಡ್ಡದಾರಿ ಸಿಕ್ಕಿರುತ್ತದೆ. ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಡೆಫಿಬ್ರಿಲೇಟರನ್ನು 50 ಓಮ್ ಲೋಡಿನ ಅನಲೈಸರ್ (ಪರೀಕ್ಷಿಸುವ ಉಪಕರಣ) ಮೇಲೆ 200 ಜೂಲ್‌ಗೆ ಪರೀಕ್ಷಿಸಿದರೆ 170ರಿಂದ 230 ಒಪ್ಪಿತ. ಮೇನ್ಸ್ ಕಿತ್ತು ಬ್ಯಾಟರಿಯಲ್ಲೇ ಪರೀಕ್ಷಿಸಬೇಕು. ಮುಗಿದ ಮೇಲೆ ಪ್ಲಗ್ ಮರಳಿ ಹಾಕದೆ ವಾರ್ಡಿಗೆ ಕಳಿಸುವುದಕ್ಕಿಂತ ದೊಡ್ಡ ತಪ್ಪು ಈ ಕೆಲಸದಲ್ಲಿ ಕಡಿಮೆ.

ಬ್ರೇಕ್‌ಡೌನ್ ಕಾಲ್‌ಗಳಿಗೆ ಎಂಜಿನಿಯರ್ ಜೊತೆ ಹೋಗಲು ಬಿಡುತ್ತಾರೆ, ಇದು ಒಳ್ಳೆಯದು. "ಮಾನಿಟರ್ ಕೆಟ್ಟಿದೆ" ಎಂದು ಸಿಸ್ಟರ್ ಕರೆದ ಕಡೆ ಮಾನಿಟರ್ ಕೆಡದೇ ಇರುವುದೇ ಹೆಚ್ಚು: ರಕ್ತದ ಆಮ್ಲಜನಕ ಅಳೆಯುವ ಎಸ್‌ಪಿಓ2 ಪ್ರೋಬಿನ ತಂತಿ ಬುಡದಲ್ಲಿ ತುಂಡಾಗಿರುತ್ತದೆ, ಬಿಪಿ ಕಫ್‌ನ ಹೋಸ್ ಸೋರುತ್ತದೆ, ಇಸಿಜಿಯ ಬಲಗಾಲ ಲೀಡ್ ಬಿಟ್ಟು 50 ಹರ್ಟ್ಸ್ ಗದ್ದಲ ತುಂಬಿರುತ್ತದೆ. ಚೆನ್ನಾಗಿರುವ ಪ್ರೋಬನ್ನು ಹಾಕಿ ನೋಡಿದರೆ ಅರ್ಧ ಕೆಲಸ ಮುಗಿಯಿತು. ಸಿಮ್ಯುಲೇಟರಿನಿಂದ ಎಸ್‌ಪಿಓ2 ಪರೀಕ್ಷಿಸುವಾಗ ಮಾತ್ರ ಮಾನಿಟರಿನ ತಂತ್ರಜ್ಞಾನ ನೆಲ್‌ಕೋರ್ ಕಂಪನಿಯದೋ ಮಾಸಿಮೋ ಕಂಪನಿಯದೋ ನೋಡಿ ಅದರದೇ ಕರ್ವ್ (ಸಿಗ್ನಲನ್ನು ಆಮ್ಲಜನಕದ ಅಂಕಿಗೆ ಬದಲಿಸುವ ಲೆಕ್ಕ) ಆರಿಸಬೇಕು.

ಉಳಿದದ್ದು ಪ್ರವಾಸ. ಎಂಆರ್‌ಐ ಎಂದರೆ ಕನ್ಸೋಲ್ ಕೋಣೆಯ ಗಾಜಿನಾಚೆಯ ದರ್ಶನ. ಅಲ್ಟ್ರಾಸೌಂಡ್ ಮುಟ್ಟುವ ಆಸೆ ಬೇಡ, ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆ ಇದೆ. ಈ ಬಗ್ಗೆ ಆಸ್ಪತ್ರೆಯನ್ನು ದೂರುವಂತಿಲ್ಲ. ಓಟಿಯ ದಿನಗಳು ಮಾತ್ರ ನಿಜಕ್ಕೂ ವ್ಯರ್ಥ. ಏನು ಗಮನಿಸಬೇಕೆಂದು ಮೊದಲೇ ಯಾರೂ ಹೇಳುವುದಿಲ್ಲ. ಕಾಟರಿಯ (ವಿದ್ಯುತ್ತಿನಿಂದ ಅಂಗಾಂಶ ಕತ್ತರಿಸುವ ಯಂತ್ರ) ವಿದ್ಯುತ್ ಮರಳಿ ಹೋಗಲು ರೋಗಿಯ ಮೈಗೆ ಅಂಟಿಸುವ ಪೇಷಂಟ್ ಪ್ಲೇಟ್ ಎಲ್ಲಿ ಅಂಟಿಸಿದರು, ಪೂರ್ತಿ ಅಂಟಿದೆಯೇ, ಅಂಚು ಎದ್ದರೆ ಸುಟ್ಟಗಾಯ ಏಕಾಗುತ್ತದೆ ಎಂಬ ಮೂರು ಪ್ರಶ್ನೆ ಕೊಟ್ಟು ಒಳಗೆ ಬಿಟ್ಟಿದ್ದರೆ ಸಾಕಿತ್ತು.

ಸೇರುವವರಿಗೆ: ಹೆಪಟೈಟಿಸ್ ಬಿ ಲಸಿಕೆ 0, 1, 6 ತಿಂಗಳ ಲೆಕ್ಕದ್ದು, ಆದ್ದರಿಂದ ಹಿಂದಿನ ಸೆಮಿಸ್ಟರಿನಲ್ಲೇ ಶುರು ಮಾಡಿ. ಹಣ ಕಟ್ಟುವ ಮೊದಲು ವರ್ಕ್‌ಶಾಪಿಗೆ ಒಮ್ಮೆ ಹೋಗಿ, ಪಿಎಂ ಹಾಳೆ ತುಂಬುವುದು ವಿದ್ಯಾರ್ಥಿಯೋ ಅಥವಾ ಪಕ್ಕದಲ್ಲಿ ನಿಂತು ನೋಡುವುದಷ್ಟೆಯೋ ಎಂದು ಕೇಳಿ. ಅನಲೈಸರುಗಳ ಮೇಲಿನ ಕ್ಯಾಲಿಬ್ರೇಷನ್ ಸ್ಟಿಕರನ್ನೂ ಓದಿ. ತಾರೀಖು ಮುಗಿದಿದ್ದರೆ ಬೇರೆ ಆಸ್ಪತ್ರೆ ಹುಡುಕಿ.