ಹಾಕೈ, ಮಿಸ್ ಮಾರ್ವೆಲ್: ಮೊದಲ ಸಂಚಿಕೆಯಲ್ಲಿ ನನಗೆ ಹಿಡಿಸಿದ್ದು ಯಾವುದು?

ಮುಂಬೈನ ಮಾಟುಂಗದ ಕಿಂಗ್ಸ್ ಸರ್ಕಲ್ ಫುಟ್‌ಪಾತ್‌ನಲ್ಲಿ ಹಾಕೈ ಅನ್ನೋ ಸೂಪರ್‌ಹೀರೋ ಕಾಮಿಕ್ಸ್ ಪುಸ್ತಕ 350 ರೂಪಾಯಿಗೆ ಸಿಕ್ಕಿತು. ಈ ವರ್ಷ ಕೊಂಡಿದ್ದರಲ್ಲಿ ನನಗೆ ಇದರಷ್ಟು ಖುಷಿ ಕೊಟ್ಟಿದ್ದು ಬೇರೆ ಇಲ್ಲ. ತಂಗಿಗೆ ಮಿಸ್ ಮಾರ್ವೆಲ್ ಅನ್ನೋ ಇನ್ನೊಂದು ಕಾಮಿಕ್ಸ್ ಇಷ್ಟ. ಅವಳ ಮಾತಿಗೆ ಅದನ್ನೂ ಎರಡು ಸಲ ಓದಿದೆ.

ಹಾಕೈ 2012ರದ್ದು. ಕಥೆ ಮ್ಯಾಟ್ ಫ್ರ್ಯಾಕ್ಷನ್, ಚಿತ್ರ ಡೇವಿಡ್ ಅಹಾ. ಶುರುವಿನಲ್ಲೇ ಹೀರೋ ಮೇಲಿನಿಂದ ಬಿದ್ದು ಆಸ್ಪತ್ರೆ ಸೇರುತ್ತಾನೆ. ಆಮೇಲಿನ ಜಗಳ ಮನೆ ಬಾಡಿಗೆಯದ್ದು. ಬಾಡಿಗೆ ಏರಿಸಿ ಬಡವರನ್ನು ಓಡಿಸಲು ನೋಡುವ ಮಾಲೀಕ, ಅವನ ಗೂಂಡಾಗಳು. ಪರೇಲ್ ಚಾಳಿನಲ್ಲಿ ಬೆಳೆದವಳಿಗೆ ಇದಕ್ಕಿಂತ ದೊಡ್ಡ ವಿಲನ್ ಬೇಕಾ? ಗೂಂಡಾಗಳು ಮಾತುಮಾತಿಗೂ ‘ಬ್ರೋ’ ಅನ್ನುತ್ತಾರೆ, ನಗು ಬರುತ್ತದೆ. ಅದೇ ಜನ ಒಂದು ನಾಯಿಯ ಜೀವಕ್ಕೇ ಕುತ್ತು ತಂದಾಗ ಹೊಟ್ಟೆ ಹಿಂಡುತ್ತದೆ. ನಗು ಬೇರೆ, ಅಳು ಬೇರೆ ಅಂತ ಇಲ್ಲಿ ಪುಟ ಹಂಚಿಲ್ಲ.

ಒಂದು ತೊಂದರೆ ಮಾತ್ರ ಹೇಳಲೇಬೇಕು. ಇದನ್ನು ಮೊದಲು ಓದಿದ್ದು ಫೋನಿನಲ್ಲಿ, ಡೊಂಬಿವಲಿ ಲೋಕಲ್ ರೈಲಿನಲ್ಲಿ ನಿಂತುಕೊಂಡು. ಕಥೆ ಸುಮ್ನೆ ನೇರ ಹೋಗುವುದಿಲ್ಲ. ನಾಯಿ ಡಾಕ್ಟರ ಹತ್ತಿರ ಇರುತ್ತದೆ, ಮುಂದಿನ ಚಿತ್ರದ ಚೌಕದಲ್ಲಿ ಅದಕ್ಕೂ ಹಿಂದಿನ ದಿನ. ಚಿಕ್ಕ ಚಿಕ್ಕ ಚೌಕಗಳು ಪಕ್ಕಪಕ್ಕ ಕಂಡರೆ ಮಾತ್ರ ಅದು ಗೊತ್ತಾಗುತ್ತದೆ.

ಫೋನಿನಲ್ಲಿ ಒಂದು ಚೌಕ ಬಂದಾಗ ಇನ್ನೊಂದು ಮಾಯ. ದೊಡ್ಡದು ಮಾಡಿದರೆ ಪುಟ ಕಳೆಯಿತು, ಚಿಕ್ಕದು ಮಾಡಿದರೆ ಅಕ್ಷರ ಹೋಯಿತು. ಠಾಣೆಯಿಂದ ದಾದರ್‌ವರೆಗೆ ಹಿಂದೆ ಮುಂದೆ ಸರಿಸಿದ್ದೇ ಆಯಿತು. ನಾಯಿ ಬದುಕಿದೆಯೋ ಇಲ್ಲವೋ ತಿಳಿಯಲಿಲ್ಲ. ಅಷ್ಟು ಒಳ್ಳೆಯ ಕೆಲಸವನ್ನು ಅವತ್ತು ಬಿಟ್ಟೇಬಿಡುತ್ತಿದ್ದೆ. ಪುಸ್ತಕದಲ್ಲಿ ಅದೇ ಪುಟ ಒಂದೇ ನೋಟಕ್ಕೆ ಅರ್ಥವಾಯಿತು.

ಬಣ್ಣ ಮ್ಯಾಟ್ ಹಾಲಿಂಗ್ಸ್‌ವರ್ತ್ ಅವರದ್ದು. ನೇರಳೆ ಜಾಸ್ತಿ, ಕಣ್ಣಿಗೆ ಹಿತ.

ಮಿಸ್ ಮಾರ್ವೆಲ್ 2014ರದ್ದು. ಬರೆದವರು ಜಿ. ವಿಲೋ ವಿಲ್ಸನ್. ಅಮೆರಿಕದ ಜೆರ್ಸಿ ಸಿಟಿಯ ಮುಸ್ಲಿಂ ಹುಡುಗಿ ಕಮಲಾ ಖಾನ್ ಇದರ ನಾಯಕಿ. ಅಂಗಡಿಯಲ್ಲಿ ತಾನು ತಿನ್ನಬಾರದ ಬೇಕನ್ನಿನ (ಹಂದಿಮಾಂಸ) ವಾಸನೆ ಮಾತ್ರ ನೋಡುತ್ತಾಳೆ. ಎಷ್ಟು ಚಂದದ ಶುರು, ಅಲ್ವಾ? ಏಡ್ರಿಯನ್ ಅಲ್ಫೋನಾ ಚಿತ್ರದ ಮೂಲೆಗಳಲ್ಲೂ ತಮಾಷೆ ಇಟ್ಟಿದ್ದಾರೆ. ಅಪ್ಪ ಪಾರ್ಟಿಗೆ ಬೇಡ ಅಂದಾಗಿನ ಜಗಳ ನಮ್ಮ ಮನೆಯದ್ದೇ. ಆದರೆ ಕಮಲಾಗೆ ಸೂಪರ್‌ಹೀರೋ ಶಕ್ತಿ ಬರುವುದು ಕೊನೆಗೆ, ಅಷ್ಟರಲ್ಲಿ ಸಂಚಿಕೆ ಮುಗಿಯುತ್ತದೆ. ಮುಂದಿನದ್ದಕ್ಕೂ ದುಡ್ಡು ಕೊಡಬೇಕು. ಹಾಕೈಯಲ್ಲಿ ಒಂದೇ ಸಂಚಿಕೆಗೆ ಕಥೆ ಪೂರ್ತಿ.

ನಿಂತು ಪ್ರಯಾಣ ಮಾಡುವ ದಿನ ನಾನೂ ಫೋನಿನಲ್ಲಿ ಕಮಲಾಳನ್ನೇ ಓದುತ್ತೇನೆ, ಅದು ನೇರ ಓಡುತ್ತದೆ. ಕೈಯಲ್ಲಿ ಒಂದೇ ಪುಸ್ತಕದ ದುಡ್ಡು ಇದ್ದರೆ ಹಾಕೈ ತಗೊಳ್ಳಿ. ಕಾಗದದ್ದೇ ತಗೊಳ್ಳಿ.