ಪುಡಿಯನ್ನು ನಂಬಿ ಲೂಪಸ್ ಮಾತ್ರೆ ನಿಲ್ಲಿಸಿದೆ

ಮಂಡ್ಯದಲ್ಲಿರುವ ನನಗೆ ಆರು ವರ್ಷಗಳಿಂದ ಲೂಪಸ್ ಇದೆ. ದೇಹದ ರೋಗನಿರೋಧಕ ಶಕ್ತಿಯೇ ಚರ್ಮ, ಕೀಲು, ಮೂತ್ರಪಿಂಡಗಳ ಮೇಲೆ ತಿರುಗಿಬೀಳುವ ಈ ಕಾಯಿಲೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯಿಂದ ಹತೋಟಿಯಲ್ಲಿತ್ತು. ಕಳೆದ ಯುಗಾದಿಯ ನಂತರ ಬಂಧುವೊಬ್ಬರ ಮಾತು ಕೇಳಿ ಮೈಸೂರಿನ ಪೋಷಣಾ ಸಲಹೆಗಾರರೊಬ್ಬರನ್ನು ಕಂಡೆ. “ಇದೆಲ್ಲ ಅಮೈನೋ ಆಮ್ಲದ, ಅಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆಗಳ ಕೊರತೆ ಅಮ್ಮಾ, ನಾನು ಕೊಡುವುದು ಔಷಧವಲ್ಲ, ಆಹಾರ” ಎಂದ ಅವರು 2,800 ರೂಪಾಯಿಯ ಪುಡಿ ಡಬ್ಬಿಯನ್ನೂ ಹಸಿರು ಗುಳಿಗೆಗಳ ಬಾಟಲಿಯನ್ನೂ ಕೊಟ್ಟು, ಮಾತ್ರೆ ಬಿಟ್ಟರೆ ಮಾತ್ರ ಪುಡಿ ಹಿಡಿಯುತ್ತದೆ ಎಂದರು. ಮಾತ್ರೆಯಿಂದ ಕಣ್ಣಿಗೆ ತೊಂದರೆಯಾದೀತೆಂಬ ಅಳುಕು ನನಗೂ ಇತ್ತು (ಕಾಲಕಾಲಕ್ಕೆ ಕಣ್ಣು ತಪಾಸಣೆ ಮಾಡಿಸಿಕೊಂಡು ಹೋಗಬೇಕಾದ ವಿಷಯವಷ್ಟೇ ಅದು). ಬಿಟ್ಟುಬಿಟ್ಟೆ.

ಮೊದಲ ತಿಂಗಳು ಹಾಯಾಗಿಯೇ ಇದ್ದೆ. ಆ ಮಾತ್ರೆಯ ಅಂಶ ದೇಹದಲ್ಲಿ ವಾರಗಟ್ಟಲೆ ಉಳಿದಿರುತ್ತದೆಂದು ತಿಳಿಯದೆ, ಹಾಯಾಗಿದ್ದ ಕೀರ್ತಿಯನ್ನೆಲ್ಲ ಪುಡಿಗೇ ಕೊಟ್ಟೆ. ಮೂರನೆಯ ತಿಂಗಳಲ್ಲಿ ಬೆಳಿಗ್ಗೆ ಬೆರಳು ಮಡಚಲಾಗದು, ಸಂಜೆ ಚಪ್ಪಲಿಯ ಪಟ್ಟಿ ಪಾದದ ಮೇಲೆ ಅಚ್ಚೊತ್ತಿರುವುದು. ಮೂತ್ರದಲ್ಲಿ ನೊರೆ, ಆಲೆಮನೆಯ ಕೊಪ್ಪರಿಗೆಯಲ್ಲಿ ಏಳುವಂಥ, ನೀರು ಸುರಿದರೂ ಇಳಿಯದ ನೊರೆ. ಫೋನ್ ಮಾಡಿದರೆ, “ವಿಷ ಹೊರಗೆ ಹೋಗುತ್ತಿದೆ, ಇನ್ನೊಂದು ಚಮಚ ಜಾಸ್ತಿ ಹಾಕಿಕೊಳ್ಳಿ” ಎಂಬ ಉತ್ತರ ಬಂತು.

ಹೊರಗೆ ಹೋಗುತ್ತಿದ್ದುದು ವಿಷವಲ್ಲ, ಪ್ರೋಟೀನ್. ಮೂತ್ರಪಿಂಡದ ಚೂರು ತೆಗೆದು ನೋಡುವ ಬಯಾಪ್ಸಿ ಪರೀಕ್ಷೆಯಲ್ಲಿ ಲೂಪಸ್ ಮೂತ್ರಪಿಂಡಕ್ಕೆ ಇಳಿದಿರುವುದು ಖಚಿತವಾಯಿತು. ಡಬ್ಬಿಗಳನ್ನು ತರಿಸಿ ನೋಡಿದ ವೈದ್ಯೆ, ಲೂಪಸ್ ಮಾತ್ರೆಯ ಜಾಗದಲ್ಲಿ ನಿಲ್ಲಬಲ್ಲ ಅಮೈನೋ ಆಮ್ಲ ಒಂದೂ ಇಲ್ಲವೆಂದರು. ಹಸಿರು ಬಾಟಲಿಯ ಮೇಲಿದ್ದ ‘ಅಲ್ಫಾಲ್ಫಾ’ ಎಂಬ ಹೆಸರನ್ನು ಎರಡು ಸಲ ಓದಿದರು. ಅದು ನಮ್ಮೂರಿನ ಹಸುಗಳಿಗೆ ಹಾಕುವ ಕುದುರೆಮಸಾಲೆ ಸೊಪ್ಪು. ಅದರ ಬೀಜ ಮತ್ತು ಮೊಳಕೆಯಲ್ಲಿರುವ ಕ್ಯಾನವನೈನ್ ಸಹ ಅಮೈನೋ ಆಮ್ಲವೇ. ನಮ್ಮ ದೇಹ ಬಳಸುವ ಆರ್ಜಿನೈನ್ ಎಂಬ ಅಮೈನೋ ಆಮ್ಲದಂತೆ ವೇಷ ಹಾಕಿಕೊಂಡು ದೇಹದ ಪ್ರೋಟೀನುಗಳೊಳಗೆ ಸೇರಿಕೊಳ್ಳುತ್ತದೆ. ಅಲ್ಫಾಲ್ಫಾ ಮೊಳಕೆ ತಿನ್ನಿಸಿದ ಕೋತಿಗಳಲ್ಲಿ ಲೂಪಸ್‌ನಂಥ ಕಾಯಿಲೆ ಕಾಣಿಸಿಕೊಂಡದ್ದು 1982ರಲ್ಲಿಯೇ ಪ್ರಕಟವಾಗಿದೆ. ಇದರ ಗುಳಿಗೆ ನುಂಗಿದ ರೋಗಿಗಳಲ್ಲಿ ತಣ್ಣಗಿದ್ದ ಲೂಪಸ್ ಮತ್ತೆ ಕೆರಳಿದ ದಾಖಲೆಯೂ ಇದೆ. ಆಹಾರ ತಾನೇ ಎಂದು ನುಂಗಿದ್ದೆ! ನನ್ನ ವಿಷಯದಲ್ಲಿ ಗುಳಿಗೆಯ ಪಾಲೆಷ್ಟು, ಮಾತ್ರೆ ಬಿಟ್ಟದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು, ಆದರೆ ಮಾತ್ರೆ ಬಿಟ್ಟದ್ದೇ ದೊಡ್ಡ ತಪ್ಪು ಎಂದರು ವೈದ್ಯೆ.

ಡಬ್ಬಿಯ ಅಂಚಿನಲ್ಲಿ ‘ಔಷಧವಾಗಿ ಬಳಸಲು ಅಲ್ಲ’ ಎಂಬರ್ಥದ ಇಂಗ್ಲಿಷ್ ಸಾಲು ಸಣ್ಣಗೆ ಅಚ್ಚಾಗಿತ್ತು. ಪೂರಕ ಆಹಾರಗಳ ಮೇಲೆ ಅದನ್ನು ಹಾಕಲೇಬೇಕೆಂಬ ನಿಯಮವಿದೆ. ನಾನು ಕನ್ನಡಕ ಹಾಕಿಕೊಂಡು ಅದನ್ನು ಓದಿದ್ದು ಆಸ್ಪತ್ರೆಯ ಮಂಚದ ಮೇಲೆ. ಈಗ ಸ್ಟೆರಾಯ್ಡ್ ಜೊತೆಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೈಕೋಫಿನೋಲೇಟ್ ಎಂಬ ಔಷಧ ನಡೆಯುತ್ತಿದೆ, ತಿಂಗಳಿಗೊಮ್ಮೆ ರಕ್ತ, ಮೂತ್ರದ ಪರೀಕ್ಷೆ.

ಆ ಸಲಹೆಗಾರರು ಈಗ ವಾರಕ್ಕೊಂದು ದಿನ ಮಂಡ್ಯದಲ್ಲಿಯೂ ಕುಳಿತುಕೊಳ್ಳುತ್ತಾರೆಂದು ಕೇಳಿದೆ. ಅದಕ್ಕಾಗಿಯೇ ಬರೆದಿದ್ದೇನೆ: ಯಾರೇ ಡಬ್ಬಿ ಕೊಟ್ಟರೂ ಮುಚ್ಚಳ ತೆರೆಯುವ ಮುನ್ನ ನಿಮ್ಮ ವೈದ್ಯರಿಗೆ ತೋರಿಸಿ, ಮಾತ್ರೆಯನ್ನು ಮಾತ್ರ ಬಿಡಬೇಡಿ.